ಅನ್ನ ಹಾಕುತ್ತೇವೆ, ಅರ್ಜಿ ಹಾಕುವುದಿಲ್ಲ

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ರಾತ್ರಿಯೆಲ್ಲ ಕಾದರೂ ಇಳಿಯಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಶರಣ ಬಳಗದ ಶ್ರಾವಣದ ದಾಸೋಹ ನಿಮಗೆಲ್ಲ ಗೊತ್ತಿರುವುದೇ. ಬೆಂಗಳೂರಿನ ಥಣಿಸಂದ್ರದ ಈ ಬಡಾವಣೆಗೆ ನಾವು ಬಂದಾಗಿನಿಂದ ಕೊನೆಯ ಸೋಮವಾರ ಒಮ್ಮೆಯೂ ತಪ್ಪಿಲ್ಲ. ನಿನ್ನೆ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಹಿಂದಿನ ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವವರೆಲ್ಲ ಬಂದಿದ್ದರು. ಯಾದಗಿರಿ, ರಾಯಚೂರಿನಿಂದ ಗುಳೆ ಬಂದವರು, ಒಡಿಶಾ ಮತ್ತು ಬಿಹಾರದ ಹುಡುಗರು, ಬಂಗಾಳದ ನಾಲ್ಕು ಸಂಸಾರ. ಯಾವ ಊರು, ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. ಪಂಕ್ತಿಯಲ್ಲಿ ಕೂರಿಸಿ, ಸಾಕು ಎನ್ನುವವರೆಗೆ ಬಡಿಸಿದೆವು. ಆ ಹೊತ್ತಿನಲ್ಲಿ ನಮ್ಮವರ ಬಗ್ಗೆ ನನಗೆ ಎಷ್ಟು ಹೆಮ್ಮೆಯೆನಿಸಿತ್ತೆಂದರೆ, ಆಮೇಲೆ ನಡೆದದ್ದು ಅಷ್ಟೇ ನೋವು ಕೊಟ್ಟಿತು.

ಯಾದಗಿರಿ ಕಡೆಯ ತಾಯಿಯೊಬ್ಬಳು ಊಟ ಮುಗಿಸಿ, ತಟ್ಟೆಯಲ್ಲಿ ಇನ್ನೊಂದಿಷ್ಟು ಹುಗ್ಗಿ ಹಾಕಿಸಿಕೊಂಡಳು. ಮಗನಿಗಂತೆ. "ಕರೆದುಕೊಂಡೇ ಬರಬಹುದಿತ್ತಲ್ಲಮ್ಮ" ಎಂದೆ. "ಮಲಗಿದ್ದ ಅಕ್ಕಾ, ಕಟ್ಟಿ ಬಂದಿದ್ದೇನೆ" ಎಂದಳು. ನನಗೆ ಕೇಳಿಸಿದ್ದೇ ತಪ್ಪಿರಬೇಕು ಎಂದುಕೊಂಡು ಅವಳ ಜೊತೆ ಹೋದೆ. ಅವಳು ಗಾರೆ ಕೆಲಸ ಮಾಡುವ ಮನೆಗೆ ಇನ್ನೂ ಗೋಡೆ ಎದ್ದಿಲ್ಲ. ಕಂಬಕ್ಕೆಂದು ನಿಲ್ಲಿಸಿದ ಕಬ್ಬಿಣದ ಸರಳಿಗೆ ಹಳೆಯ ಸೀರೆಯ ಅಂಚು ಬಿಗಿದಿತ್ತು. ಅದರ ಇನ್ನೊಂದು ತುದಿ ಎರಡು ವರ್ಷದ ಮಗುವಿನ ಕಾಲಿನಲ್ಲಿ. ಎರಡು ಮಾರು ಆಚೆಗೆ ಮುಚ್ಚಳವಿಲ್ಲದ ಸಂಪು, ತುಂಬ ನೀರು. ಮಗು ಎದ್ದು ಕೂತು ಮರಳಿನಲ್ಲಿ ಆಡುತ್ತಿತ್ತು. ಗಂಟು ಬಿಚ್ಚಿದಾಗ ಹರಡಿನ ಸುತ್ತ ಬಳೆ ತೊಟ್ಟಂತೆ ಕೆಂಪು ಗೆರೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಂಪಿಗೆ ಬೀಳದಿರಲಿ ಎಂದು ಕಟ್ಟುವ ತಾಯಿಗೆ ಬುದ್ಧಿ ಹೇಳಲು ನಾನು ಯಾರು?

ಅಂಗನವಾಡಿ ಇದೆ, ಆದರೆ ಮುಖ್ಯರಸ್ತೆ ದಾಟಿ ದೂರದಲ್ಲಿ. ಬಿಟ್ಟು ಬರಲು ಒಮ್ಮೆ, ಕರೆತರಲು ಇನ್ನೊಮ್ಮೆ ನಡೆದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಮೇಸ್ತ್ರಿ ಮರುದಿನ ಬೇರೆಯವಳನ್ನು ಕರೆಯುತ್ತಾನೆ. ಎರಡು ತಿಂಗಳಿನಿಂದ ಈ ಶೆಡ್ಡುಗಳಿಗೆ ಓಡಾಡಿ ಎಣಿಸಿದ್ದೇನೆ. ಆರು ವರ್ಷದೊಳಗಿನ ಮಕ್ಕಳು 43. ಈ ಸಂಖ್ಯೆ ಏಕೆ ಮುಖ್ಯವೆಂದರೆ, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಆದೇಶಿಸಿದೆ: ಹಳ್ಳಿಯಾಗಲಿ ಕೊಳೆಗೇರಿಯಾಗಲಿ, ಆರು ವರ್ಷದೊಳಗಿನ 40 ಮಕ್ಕಳಿದ್ದು ಅಲ್ಲಿ ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು. ಕೇಳಿದರೆ! ಯಾರಾದರೂ ಕೇಳಬೇಕು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿಯೂ ಶಿಶುಪಾಲನೆಯ ಕೋಣೆಯ ಮಾತಿತ್ತು, ಆದರೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಜಾಗಕ್ಕೆ ಮಾತ್ರ. ನಮ್ಮಲ್ಲಿ ಒಂದೊಂದು ಮನೆಗೆ ನಾಲ್ಕೈದು ಜನ. ಒಟ್ಟು ಸೇರಿದರೆ ಒಂದು ಊರೇ ಆಗುತ್ತದೆ, ಕಾಯ್ದೆಯ ಲೆಕ್ಕಕ್ಕೆ ಮಾತ್ರ ಒಬ್ಬಳೂ ಸಿಗುವುದಿಲ್ಲ.

ಅದಕ್ಕೇ ಒಂದು ಪುಟದ ಅರ್ಜಿ ಬರೆದಿದ್ದೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ. ಬಳಗದ ಮೊಹರು ಹಾಕಿ, ಹಿರಿಯರೆಲ್ಲ ಸಹಿ ಮಾಡಿಕೊಡಿ ಎಂದು ಊಟದ ನಂತರ ಕೇಳಿದೆ. ನಾನು ತಂದೆಯ ಸಮಾನ ಎಂದು ಭಾವಿಸುವ ಹಿರಿಯರು ಅರ್ಜಿಯನ್ನು ಓದದೆಯೇ ಮಡಿಸಿ ನನ್ನ ಕೈಗಿಟ್ಟರು. "ನೋಡಮ್ಮ, ನಮ್ಮದು ಧರ್ಮದ ಕೆಲಸ. ಊಟ ಹಾಕೋಣ, ಬೇಕಾದರೆ ಮುಂದಿನ ವರ್ಷ ಎರಡು ದಿನ ಹಾಕೋಣ. ಸರ್ಕಾರದ ವಿಷಯ ನಮಗೆ ಬೇಡ" ಎಂದರು. ಸುತ್ತ ಇದ್ದವರು ತಲೆಯಾಡಿಸಿದರು. ಐದು ನಿಮಿಷದ ಹಿಂದೆ ಅದೇ ಕೈಗಳು ಆ ಮಕ್ಕಳ ತಟ್ಟೆಗೆ ತುಪ್ಪ ಬಡಿಸಿದ್ದವು.

ಅನ್ನ ಹಾಕುವ ಕೈ ಅರ್ಜಿ ಹಾಕಲು ಏಕೆ ಹಿಂಜರಿಯುತ್ತದೆ? ನಿನ್ನೆಯಿಂದ ಇದೊಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ವರ್ಷಕ್ಕೊಂದು ದಿನ ಹುಗ್ಗಿ ಉಣ್ಣುವ ಮಗುವಿಗೆ ಉಳಿದ ದಿನಗಳಲ್ಲೂ ಹಸಿವಾಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ಆ ಮಗುವಿಗೆ ಅಂಗನವಾಡಿಯ ಊಟವನ್ನು ಹಕ್ಕು ಎಂದೇ ಬರೆದಿದೆ. ನಮ್ಮ ದಾನಕ್ಕೆ ಕಾಯಬೇಕಾಗಿಲ್ಲದ ಅನ್ನ ಅದು. ಅದನ್ನು ಅವರಿಗೆ ತಲುಪಿಸಲು ಒಂದು ಸಹಿ ಸಾಕು ಎಂದಾಗ ಧರ್ಮ ಅಡ್ಡ ಬರುವುದೆಂದರೆ ಏನರ್ಥ?

ಇದನ್ನು ಹೇಳುವಾಗ ನನ್ನದೇ ಒಂದು ತಪ್ಪನ್ನೂ ಹೇಳಿಬಿಡಬೇಕು. 2020ರ ಲಾಕ್‌ಡೌನ್‌ನಲ್ಲಿ ನಾನು ದಿನಕ್ಕೆ ಇನ್ನೂರು ಪೊಟ್ಟಣ ಚಿತ್ರಾನ್ನ ಕಟ್ಟಿದವಳು. ಮೇ ತಿಂಗಳ ಮೊದಲ ವಾರ ಬಿಹಾರದ ಹುಡುಗನೊಬ್ಬ ಪೊಟ್ಟಣ ಕೈಯಲ್ಲಿ ಹಿಡಿದು, ಊರಿಗೆ ಹೋಗಲು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹೆಸರು ಬರೆಸಿದ್ದೇನೆ, ರೈಲು ಯಾವಾಗ ಎಂದು ಕೇಳಿದ. ಅದೇ ವಾರ, ಕಟ್ಟಡ ಉದ್ಯಮಿಗಳ ಜೊತೆಗಿನ ಸಭೆಯ ನಂತರ, ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳು ಬೇಡ ಎಂದು ರೈಲ್ವೆಗೆ ಪತ್ರ ಬರೆಯಿತು. ಟೀಕೆ ಬಂದ ಮೇಲೆ ನಿರ್ಧಾರ ಬದಲಾಯಿತು. ಹಾಗೆ ಟೀಕಿಸಿದವರಲ್ಲಿ ನಾನಿರಲಿಲ್ಲ. ಅವನು ಕೇಳಿದ್ದು ರೈಲು, ನಾನು ಕೊಟ್ಟದ್ದು ಚಿತ್ರಾನ್ನ. "ಊಟ ಮಾಡಪ್ಪ, ಎಲ್ಲ ಸರಿಹೋಗುತ್ತದೆ" ಎಂದು ಬೇರೆ ಹೇಳಿದ್ದೆ. ಅವನ ಮುಖ ಇವತ್ತಿಗೂ ಕಣ್ಣಮುಂದೆ ಬರುತ್ತದೆ.

ಧರ್ಮ ರಾಜಕೀಯಕ್ಕೆ ಇಳಿಯಬಾರದು ಎನ್ನುತ್ತೀರಿ. ಮತ ಕೇಳುವುದಕ್ಕೆ ಇಳಿಯಬಾರದು, ಒಪ್ಪುತ್ತೇನೆ. ಆದರೆ 2021ರಲ್ಲಿ ಪಂಚಮಸಾಲಿ ಸಮುದಾಯದ ಮೀಸಲಾತಿಗಾಗಿ ಸ್ವಾಮೀಜಿಯವರು ಕೂಡಲಸಂಗಮದಿಂದ ಬೆಂಗಳೂರಿನವರೆಗೆ ಪಾದಯಾತ್ರೆ ಮಾಡಿದಾಗ ಇದೇ ಬಳಗ ಹೂವಿನ ಹಾರ ಹಿಡಿದು ಹೋಗಿತ್ತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳಿಗಾಗಿ ಸರ್ಕಾರವನ್ನು ಕೇಳುವುದು ಧರ್ಮವಾದರೆ, ಶೆಡ್ಡಿನ ಮಕ್ಕಳಿಗಾಗಿ ಕೇಳುವುದು ಹೇಗೆ ರಾಜಕೀಯವಾಯಿತು? ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ರಾಜ್ಯದ ಬೊಕ್ಕಸ ಯಾರಿಗಾಗಿ ಎಂಬ ಪ್ರಶ್ನೆ ಶರಣಧರ್ಮಕ್ಕೆ ಹೊರಗಿನದಾಗಿದ್ದರೆ ಅವರು ಆ ಕೆಲಸವನ್ನೇ ಒಪ್ಪುತ್ತಿರಲಿಲ್ಲ.

ಇನ್ನೊಬ್ಬರು ಮೆಲ್ಲಗೆ ಹೇಳಿದ್ದು, "ಹೊರರಾಜ್ಯದವರಿಗೆ ನಮ್ಮ ತೆರಿಗೆಯ ಹಣ ಏಕೆ?" ಎಂದು. ವಚನಕಾರ ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದು ಕಲ್ಯಾಣದಲ್ಲಿ ಕಟ್ಟಿಗೆ ಹೊತ್ತು ಮಾರಿ ಬದುಕಿದರು ಎಂದು ನಾವೇ ಮಕ್ಕಳಿಗೆ ಕಥೆ ಹೇಳುತ್ತೇವೆ. ಇನ್ನೊಬ್ಬ ವಚನಕಾರ ಆದಯ್ಯನವರು ಸೌರಾಷ್ಟ್ರದವರು. ಅಂದಿನ ಕಲ್ಯಾಣ ಅವರನ್ನು ಹೊರಗಿನವರೆಂದಿದ್ದರೆ ನಮ್ಮ ಬಳಗಕ್ಕೆ ಇಂದು ಓದಲು ಏನು ಉಳಿಯುತ್ತಿತ್ತು? ಈ ಬಡಾವಣೆಯ ಒಂದೊಂದು ಮನೆಯ ಇಟ್ಟಿಗೆಯನ್ನೂ ಹೊತ್ತವರು ಈ ಶೆಡ್ಡಿನವರು. ಅಷ್ಟಕ್ಕೂ ಯಾದಗಿರಿ ಯಾವ ಹೊರರಾಜ್ಯ?

ಅಮೆರಿಕದಲ್ಲಿರುವ ನನ್ನ ತಂಗಿ ಒಮ್ಮೆ ಹೇಳಿದ್ದು ನಿನ್ನೆ ನೆನಪಾಯಿತು. ಅಲ್ಲಿ ಬ್ರೆಡ್ ಫಾರ್ ದ ವರ್ಲ್ಡ್ ಎಂಬ ಕ್ರೈಸ್ತ ಸಂಘಟನೆಯಿದೆ, 1970ರ ದಶಕದಲ್ಲಿ ಆರ್ಥರ್ ಸೈಮನ್ ಎಂಬ ಪಾದ್ರಿ ಕಟ್ಟಿದ್ದು. ಬಡ ಕುಟುಂಬಗಳ ಆಹಾರದ ಯೋಜನೆಗಳನ್ನು ಉಳಿಸಿ ಎಂದು ಚರ್ಚಿಗೆ ಬರುವ ಭಕ್ತರು ತಮ್ಮ ಸಂಸದರಿಗೆ ಪತ್ರ ಬರೆಯುತ್ತಾರೆ, ಆ ಪತ್ರಗಳನ್ನೇ ಕಾಣಿಕೆಯಾಗಿ ದೇವರಿಗೆ ಅರ್ಪಿಸಿ ಆಮೇಲೆ ಅಂಚೆಗೆ ಹಾಕುತ್ತಾರೆ. ಕೇಳಿದಾಗ ಮೈ ಜುಮ್ಮೆಂದಿತ್ತು. ನಮ್ಮ ದಾಸೋಹದ ಪಂಕ್ತಿಯ ಪಕ್ಕದಲ್ಲೂ ಒಂದು ಮೇಜು, ನಾಲ್ಕು ಪೆನ್ನು, ಅಷ್ಟೇ ನಾನು ಕೇಳುತ್ತಿರುವುದು.

ಅರ್ಜಿಯಲ್ಲಿ ಈಗ ಏಳು ಸಹಿಗಳಿವೆ. ಅಡುಗೆಯವರು ಕೈ ಒರೆಸಿಕೊಂಡು ಬಂದು ಮೊದಲು ಹಾಕಿದರು, ಮೂಲೆಯಲ್ಲಿ ತುಪ್ಪದ ಕಲೆ ಹಾಗೇ ಇದೆ. ಏಳನೆಯದು ಸಹಿಯಲ್ಲ, ಆ ತಾಯಿಯ ಹೆಬ್ಬೆಟ್ಟು. ನಾಳೆ ಚರ್ಚಿನ ಫಾದರ್ ಅವರನ್ನೂ ಮಸೀದಿಯ ಹಿರಿಯರನ್ನೂ ಕೇಳುತ್ತೇನೆ, 2020ರಲ್ಲಿ ಅವರೂ ನಮ್ಮ ಜೊತೆ ನಿಂತು ಬಡಿಸಿದವರು. ನನಗೆ ಅರ್ಜಿ ಮಡಿಸಿ ಕೊಟ್ಟ ಹಿರಿಯರ ಮನೆಗೂ ಸಂಜೆ ಮತ್ತೆ ಹೋಗುತ್ತೇನೆ. ಈ ಸಲ ಅವರನ್ನು ಆ ಸಂಪಿನ ಹತ್ತಿರ ಕರೆದುಕೊಂಡು ಹೋಗಿ, ಅಲ್ಲೇ ಅರ್ಜಿ ಓದಿ ಹೇಳುತ್ತೇನೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಗೆ ಹೊರಡುವುದು. ಬರುವವರು ಬಳಗದ ಬಾಗಿಲಲ್ಲಿ ಹತ್ತೂವರೆಗೆ ಸಿಗಿ.