ಸ್ಪಷ್ಟನೆ: ಆರ್‌ಸಿ ಟ್ರಕ್ಕಿನ ರಿಮ್ ತೂತು ಮುಚ್ಚಿದರೆ ಸಾಕೇ?

‘ಆರ್‌ಸಿ ಟ್ರಕ್ಕಿನ (ರಿಮೋಟಿನಿಂದ ಓಡಿಸುವ ಆಟದ ಟ್ರಕ್ಕಿನ) ರಿಮ್‌ನಲ್ಲಿರುವ ತೂತುಗಳನ್ನು ಅಂಟು ಹಾಕಿ ಮುಚ್ಚಿಬಿಡಿ, ಟೈರಿಗೆ ನೀರೇ ಹೋಗಲ್ಲ’ ಎಂಬ ಸಲಹೆ ಹರಿದಾಡುತ್ತಿದೆ. ಇದು ಅರ್ಧ ಮಾತ್ರ ಸರಿ.

ಆ ತೂತುಗಳು ಸುಮ್ನೆ ಇಟ್ಟಿದ್ದಲ್ಲ. ಈ ಟೈರುಗಳಿಗೆ ಗಾಳಿ ತುಂಬುವುದಿಲ್ಲ, ಒಳಗಿನ ಫೋಮ್ ಆಕಾರ ಹಿಡಿದಿಡುತ್ತದೆ. ಟೈರು ಅದುಮಿದಾಗ ಗಾಳಿ ಆ ತೂತಿನಿಂದಲೇ ಹೊರಗೆ ಹೋಗಬೇಕು. ಎಲ್ಲವನ್ನೂ ಮುಚ್ಚಿದರೆ ಟೈರು ಚೆಂಡಿನಂತೆ ಪುಟಿಯುತ್ತದೆ, ಹಿಡಿತ ಹೋಗುತ್ತದೆ. ಅಂಟು ಎಲ್ಲಾದರೂ ಸ್ವಲ್ಪ ಬಿಟ್ಟರೂ ನೀರು ಒಳಗೆ ಸೇರುತ್ತದೆ. ಆಮೇಲೆ ಅದಕ್ಕೆ ಹೊರಬರಲು ದಾರಿಯೇ ಇಲ್ಲ, ಅಲ್ವಾ? ಸ್ಪಂಜಿನಂಥ ಫೋಮ್ ನೀರು ಕುಡಿದು ಭಾರವಾಗುತ್ತದೆ, ಚಕ್ರ ಅದುರುತ್ತದೆ, ಕೊನೆಗೆ ಫೋಮ್ ಕೊಳೆಯುತ್ತದೆ.

ರಿಮ್‌ನ ತೂತು ಮುಚ್ಚಿ, ಆದರೆ ಟೈರಿನ ನಡುಪಟ್ಟಿಯಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಮಾಡಿ. ಚರ್ಮಕ್ಕೆ ತೂತು ಹಾಕುವ ಪಂಚ್ ಇದಕ್ಕೆ ಒಳ್ಳೆಯದು, ದುಂಡಗಿನ ತೂತು ಬೇಗ ಹರಿಯುವುದಿಲ್ಲ. ಚಕ್ರ ಜೋರಾಗಿ ತಿರುಗಿದಾಗ ನೀರು ತಾನಾಗಿ ಹೊರಗೆ ಚಿಮ್ಮುತ್ತದೆ, ಗಾಳಿಯೂ ಆಡುತ್ತದೆ. ನೀರಲ್ಲೇ ಜಾಸ್ತಿ ಓಡಿಸುವವರು ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಹಾಕಿಸಿಕೊಳ್ಳಿ.

ಇನ್ನೊಂದು ಮಾತು. ಡಬ್ಬಿಯ ಮೇಲೆ ‘ವಾಟರ್‌ಪ್ರೂಫ್’ ಎಂದಿದ್ದರೆ ಅದು ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಹೇಳಿದ್ದು, ಟೈರಿಗಲ್ಲ.