ಇಳಿಜಾರಲ್ಲಿ ಮೈಲೇಜ್ ಕೇಳಿ

ಇಂಧನ ಉಳಿತಾಯದ ಜಾಥಾ ಅಂದ್ರೆ ಹೇಗಿರುತ್ತದೆ ಗೊತ್ತಲ್ವಾ? ಮುಂದೆ ಬ್ಯಾನರ್ ಕಟ್ಟಿದ ಜೀಪು, ಹಿಂದೆ ಬೈಕುಗಳ ಸಾಲು. ಮಡಿಕೇರಿಯಲ್ಲಿ ಎಲ್ಲರೂ ರೆಡಿ, ಅತಿಥಿಗಳು ಮಾತ್ರ ಇನ್ನೂ ಕುಶಾಲನಗರ ದಾಟಿಲ್ಲ. ಆದರೂ ಜೀಪಿನ ಎಂಜಿನ್ ಆಫ್ ಆಗುವುದಿಲ್ಲ. ಅದಕ್ಕೆ ಮೈಕ್ ಕಟ್ಟಿದೆ. ಬ್ಯಾಟರಿ ಇಳಿದುಹೋದರೆ ‘ನಿಂತಾಗ ಎಂಜಿನ್ ಸುಮ್ನೆ ಉರಿಸಬೇಡಿ’ ಅಂತ ಕೂಗುವುದು ಹೇಗೆ?

ಕೈಗೆ ಕೊಡುವ ಕರಪತ್ರವೂ ಚೆನ್ನಾಗಿರುತ್ತದೆ. ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಹೋದರೆ ಎಣ್ಣೆ ಉಳಿಯುತ್ತದಂತೆ. ಸುಳ್ಳೇನಲ್ಲ. ಆದರೆ ಸಂಪಾಜೆ ಘಾಟಿಯಲ್ಲಿ ಲಾರಿಯ ಹಿಂದೆ ಎರಡನೇ ಗೇರಲ್ಲಿ ತೆವಳುವವರು ಆ 45ನ್ನು ಎಲ್ಲಿಂದ ತರಬೇಕು?

ಘಾಟಿಯನ್ನಾದರೂ ದೇವರು ಮಾಡಿದ್ದು. ಹಂಪ್ ನಾವೇ ಮಾಡಿದ್ದು. ರಸ್ತೆ ಹೇಗಿರಬೇಕು ಅಂತ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮ ಹಂಪ್‌ಗಳಲ್ಲಿ ಎತ್ತರಕ್ಕೆ ಮೋಸವಿಲ್ಲ, ಉಳಿತಾಯ ಮಾಡಿರುವುದು ಅಗಲದಲ್ಲಿ. ಬಿಳಿ ಪಟ್ಟಿ ಮೊದಲ ಮಳೆಗೇ ಮಾಯ. ಹಂಪ್ ಎಲ್ಲಿದೆ ಅಂತ ಸೊಂಟವೇ ಹೇಳಬೇಕು. ಬ್ರೇಕ್ ಒತ್ತಿದಾಗ ಗಾಡಿಯ ಓಟವೆಲ್ಲ ಬಿಸಿಯಾಗಿ ಹಾರಿಹೋಗುತ್ತದೆ. ಮತ್ತೆ ಅದೇ ವೇಗಕ್ಕೆ ಬರಲು ಹೊಸದಾಗಿ ಡೀಸೆಲ್ ಸುಡಬೇಕು. ಸುಟ್ಟು ಮೂರನೇ ಗೇರಿಗೆ ಬಂದಿರಾ? ಅಗೋ, ಇನ್ನೊಂದು ಹಂಪ್.

ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ ಅನ್ನುತ್ತದೆ ಕರಪತ್ರ. ಗಾಳಿ ಕಮ್ಮಿಯಾದ ಟೈರು ರಸ್ತೆಗೆ ಅಂಟಿಕೊಂಡು ಉರುಳುತ್ತದೆ, ಎಣ್ಣೆ ಜಾಸ್ತಿ ಕುಡಿಯುತ್ತದೆ. ಸರಿ ಅಂತ ಬಂಕಿಗೆ ಹೋದರೆ ‘ಗಾಳಿ ಇಲ್ಲ’ ಅಂತ ಬೋರ್ಡು. ಕಕ್ಕಡದ, ಅಂದರೆ ಆಟಿ ತಿಂಗಳ, ಮಳೆಗಾಳಿ ಮರಗಳನ್ನೇ ಬುಡಮೇಲು ಮಾಡುವ ಊರಲ್ಲಿ ಗಾಳಿ ಇಲ್ಲ!

ಇನ್ನು ನಮ್ಮ ನ್ಯೂಟ್ರಲ್ ಪಂಡಿತರು. ಇಳಿಜಾರು ಸಿಕ್ಕರೆ ಸಾಕು, ಗೇರ್ ತೆಗೆದುಬಿಡುತ್ತಾರೆ. ಈಗಿನ ಎಂಜಿನ್‌ಗಳು ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಉರಿಯುತ್ತಲೇ ಇರುತ್ತವೆ. ಎಣ್ಣೆಯೂ ಹೋಯಿತು, ಬ್ರೇಕೂ ಕಾದಿತು. ಹೇಳಿದರೆ ‘ಇಪ್ಪತ್ತು ವರ್ಷದ ಎಕ್ಸ್‌ಪೀರಿಯನ್ಸ್’ ಅನ್ನುತ್ತಾರೆ.

ಕಂಪನಿ ಹೇಳುವ ಮೈಲೇಜ್ ಎಲ್ಲಿ ಹೋಯಿತು ಅಂತ ಶೋರೂಮಿನಲ್ಲಿ ಜಗಳ ಆಡಬೇಡಿ. ಅದು ಮುಚ್ಚಿದ ಕೋಣೆಯಲ್ಲಿ, ರೋಲರ್ ಮೇಲೆ, ಗಾಡಿ ನಿಂತಲ್ಲೇ ಚಕ್ರ ತಿರುಗಿಸಿ ತೆಗೆದ ಅಂಕಿ. ಅಲ್ಲಿ ಹಂಪಿಲ್ಲ, ಮಂಜಿಲ್ಲ, ಭಾನುವಾರ ರಾಜಾಸೀಟ್ ಹತ್ತಿರದ ವಾಹನಗಳ ಸಾಲೂ ಇಲ್ಲ.

ಹಾಗಾಗಿ ನನ್ನದೊಂದು ಸಲಹೆ. ಇನ್ನು ಮೇಲೆ ಜಿಲ್ಲೆಯ ಮೈಲೇಜನ್ನು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಮಾತ್ರ ಅಳೆಯಲಿ. ದೇಶಕ್ಕೇ ನಾವು ಫಸ್ಟ್ ಬರುತ್ತೇವೆ. ಇಳಿದ ಗಾಡಿ ವಾಪಸ್ ಹತ್ತುವುದು ಹೇಗೆ ಅಂತೀರಾ? ಅದು ಬೇರೆ ಇಲಾಖೆಗೆ ಬರುತ್ತದೆ.