ಸಂಸತ್ತಿನಲ್ಲಿ ಮಹಿಳೆಯರಿಗೆ ಮೀಸಲಾತಿ ಬೇಕೇ? ಪರ-ವಿರೋಧ

ಪರ: ಕಾದಿದ್ದು ಸಾಕು

ನ್ಯೂಜಿಲೆಂಡ್‌ನ ಮಹಿಳೆಯರಿಗೆ ಓಟು ಹಾಕುವ ಹಕ್ಕು ಸಿಕ್ಕಿದ್ದು 1893ರಲ್ಲಿ. ಇಡೀ ದೇಶದ ಮಟ್ಟದಲ್ಲಿ ಈ ಹಕ್ಕು ಕೊಟ್ಟವರಲ್ಲಿ ಅವರೇ ಮೊದಲು. ಆದರೆ ಸಂಸತ್ತಿಗೆ ಸ್ಪರ್ಧಿಸುವ ಹಕ್ಕು ಬರಲು 1919ರವರೆಗೆ ಕಾಯಬೇಕಾಯಿತು. ಎಲಿಜಬೆತ್ ಮೆಕೂಂಬ್ಸ್ ಗೆದ್ದು ಅಲ್ಲಿನ ಮೊದಲ ಸಂಸದೆಯಾದದ್ದು 1933ರಲ್ಲಿ. ಅದೂ ಗಂಡ ತೀರಿಕೊಂಡು ತೆರವಾಗಿದ್ದ ಸೀಟಿನಿಂದ. ಓಟಿನಿಂದ ಸೀಟಿಗೆ ನಲವತ್ತು ವರ್ಷ! ನಿಧಾನವಾಗಿ ಎಲ್ಲ ತಾನಾಗಿಯೇ ಸರಿಹೋಗುತ್ತದೆ ಅನ್ನುವವರನ್ನು ನಾನು ಕೇಳುವುದು ಇಷ್ಟೇ: ಅಲ್ಲಿಯವರೆಗೆ ಎಷ್ಟು ತಲೆಮಾರು ಕಾಯಬೇಕು?

ಅರ್ಜೆಂಟೀನಾ ಕಾಯಲಿಲ್ಲ. ಅಲ್ಲಿ ಪಕ್ಷಕ್ಕೆ ಬಿದ್ದ ಓಟಿನ ಲೆಕ್ಕದಲ್ಲಿ, ಅದರ ಅಭ್ಯರ್ಥಿಗಳ ಪಟ್ಟಿಯ ಮೇಲಿನವರಿಂದ ಸೀಟು ಸಿಗುತ್ತದೆ. ಈ ಪಟ್ಟಿಯಲ್ಲಿ ಶೇ 30ರಷ್ಟು ಮಹಿಳೆಯರು ಇರಲೇಬೇಕು, ಅದೂ ಗೆಲ್ಲುವಂಥ ಜಾಗದಲ್ಲಿ ಇರಬೇಕು ಎಂದು 1991ರಲ್ಲೇ ಕಾನೂನು ತಂದಿತು. ಕೆಲವೇ ಚುನಾವಣೆಗಳಲ್ಲಿ ಕೆಳಮನೆಯ ಕಾಲು ಭಾಗ ಮಹಿಳೆಯರದಾಯಿತು.

ಸಂಖ್ಯೆ ಏರಿದರೆ ಕೆಲಸ ಬದಲಾಗುತ್ತದಾ? ಆಗುತ್ತದೆ. ಭಾರತದ ಪಂಚಾಯಿತಿಗಳಲ್ಲಿ 1993ರಿಂದ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲು. ಪಶ್ಚಿಮ ಬಂಗಾಳದಲ್ಲಿ ಸಂಶೋಧಕರು ಲೆಕ್ಕ ತೆಗೆದು ನೋಡಿದರು. ಮಹಿಳೆ ಮುಖ್ಯಸ್ಥರಾಗಿದ್ದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಜಾಸ್ತಿ ಆಗಿತ್ತು. ನೀರು ಹೊರುವವರು ಯಾರೆಂದು ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ? ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಎರಡು ಅವಧಿ ಮಹಿಳೆಯ ಆಡಳಿತ ಕಂಡ ಊರುಗಳಲ್ಲಿ, ಮೀಸಲಾತಿ ಇಲ್ಲದ ಚುನಾವಣೆಯಲ್ಲೂ ಮಹಿಳೆಯರು ಮೊದಲಿಗಿಂತ ಹೆಚ್ಚಾಗಿ ನಿಂತು ಗೆದ್ದರು. ಜನ ಕಣ್ಣಾರೆ ನೋಡಿದ್ದರು. ಹೆಂಗಸರ ಕೈಲಿ ಇದೆಲ್ಲ ಆಗುತ್ತದಾ ಅನ್ನುವ ಅನುಮಾನ ಕರಗಿತ್ತು.

ವಿರೋಧ: ಪಟ್ಟಿ ಬರೆಯುವವರು ಯಾರು?

ಮಹಿಳೆಯರು ಸಂಸತ್ತಿಗೆ ಬರಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಮೀಸಲಾತಿಯ ದಾರಿ ಬಗ್ಗೆಯಷ್ಟೇ ನನ್ನ ತಕರಾರು.

ಮೆಕ್ಸಿಕೋದಲ್ಲಿ 2009ರಲ್ಲಿ ಏನಾಯಿತು ನೋಡಿ. ಅಲ್ಲಿ ಪ್ರತಿ ಅಭ್ಯರ್ಥಿಗೂ ಒಬ್ಬ ಬದಲಿ ಇರುತ್ತಾರೆ. ಪಕ್ಷಗಳು ಮಹಿಳೆಯರ ಹೆಸರು ಕೊಟ್ಟು ಕೋಟಾ ತುಂಬಿಸಿದವು, ಬದಲಿಯಾಗಿ ಗಂಡಸರನ್ನು ಇಟ್ಟವು. ಗೆದ್ದ ಕೆಲವು ಸದಸ್ಯೆಯರು ಪ್ರಮಾಣವಚನ ಮುಗಿದದ್ದೇ ತಡ, ರಜೆ ಕೇಳಿ ಹೊರನಡೆದರು. ಸೀಟು ಬದಲಿ ಗಂಡಸರ ಪಾಲಾಯಿತು. ಆಮೇಲೆ ಬದಲಿಯೂ ಮಹಿಳೆಯೇ ಆಗಿರಬೇಕೆಂಬ ನಿಯಮ ಬಂತು, ಸರಿ. ಆದರೆ ಆ ಮಹಿಳೆ ಯಾರು ಅನ್ನುವುದನ್ನು ಯಾವ ಕೋಟಾ ತೀರ್ಮಾನಿಸುತ್ತದೆ? ಅದನ್ನು ಪಕ್ಷದ ನಾಯಕರೇ ತೀರ್ಮಾನಿಸುತ್ತಾರೆ. ಅವರಿಂದ ಸೀಟು ಪಡೆದವರು ಅವರನ್ನು ಎದುರಿಸುವುದು ಕಷ್ಟ.

ರುವಾಂಡಾ 2003ರ ಸಂವಿಧಾನದಲ್ಲೇ ಶೇ 30 ಮೀಸಲಿಟ್ಟಿತು. 2008ರಿಂದ ಅಲ್ಲಿನ ಕೆಳಮನೆಯಲ್ಲಿ ಮಹಿಳೆಯರೇ ಹೆಚ್ಚು. ಆದರೂ ಅಧಿಕಾರ ಕೈ ಬದಲಾಗಲಿಲ್ಲ: 2000ದಿಂದ ಅಧ್ಯಕ್ಷರಾಗಿರುವುದು ಒಬ್ಬರೇ, ಪಾಲ್ ಕಗಾಮೆ.

ಫಿನ್ಲೆಂಡ್ ಬೇರೆ ದಾರಿ ಹಿಡಿಯಿತು. 1906ರಲ್ಲಿ ಮಹಿಳೆಯರಿಗೆ ಓಟು, ಸ್ಪರ್ಧೆ ಎರಡೂ ಹಕ್ಕು ಒಟ್ಟಿಗೇ ಸಿಕ್ಕವು. ಮರುವರ್ಷವೇ 200 ಸೀಟುಗಳಲ್ಲಿ 19 ಮಹಿಳೆಯರು ಗೆದ್ದರು. ಸಂಸತ್ತಿನಲ್ಲಿ ಮೀಸಲಾತಿ ಇಲ್ಲದೆಯೇ ಈಗ ಅರ್ಧದ ಹತ್ತಿರ ಬಂದಿದ್ದಾರೆ. ಅಲ್ಲಿ ಮತದಾರರು ಸುಮ್ನೆ ಪಕ್ಷಕ್ಕೆ ಓಟು ಒತ್ತುವುದಿಲ್ಲ, ಪಟ್ಟಿಯಲ್ಲಿರುವ ಒಬ್ಬ ಅಭ್ಯರ್ಥಿಯನ್ನು ತಾವೇ ಆರಿಸುತ್ತಾರೆ.

ನಾನು ಕೇಳುವುದೂ ಅದನ್ನೇ. ಟಿಕೆಟ್ ಯಾರಿಗೆ ಅನ್ನುವುದನ್ನು ಪಕ್ಷದ ಸದಸ್ಯರೆಲ್ಲ ಓಟು ಹಾಕಿ ತೀರ್ಮಾನಿಸಲಿ. ಹಣವಿಲ್ಲದ ಮಹಿಳೆಗೂ ಪ್ರಚಾರದ ಖರ್ಚು ಸಿಗಲಿ. ಕಣಕ್ಕಿಳಿದವಳಿಗೆ ಬೆದರಿಕೆ ಹಾಕಿದವರ ಮೇಲೆ ಕೇಸು ನಡೆಯಲಿ, ಅದೂ ಚುನಾವಣೆ ಮುಗಿಯುವುದರೊಳಗೆ.